ಉಸ್ತಾದರ ಗ್ಯಾರೇಜಿನ ಅಸಲಿ ರಾಡು

ಮೋಟಾರ್ ಬಿಚ್ಚೋ ಮನಿಷ್ಯಾಗ ನಗಾಕ ಬ್ಯಾರೆ ನಾಟಕ ಕಂಪನಿ ಬೇಕಾಗಿಲ್ಲ ನೋಡ್ರಿ, ಗಿರಾಕಿನೇ ಸಾಕು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋದ ಹೊಸದು. ನಾ ಕಲಬುರ್ಗಿ ಮೋಮಿನಪುರದಾಗ ನಮ್ಮ ಉಸ್ತಾದರ ಗ್ಯಾರೇಜಿನ್ಯಾಗ ಫಿಟ್ಟರ್ ಇದ್ದೆ. ಹಳೇ ಗಿರಾಕಿ ಅರ್ಧಕ್ಕರ್ಧ ಊರು ಬಿಟ್ಟಿದ್ರು, ಗ್ಯಾರೇಜು ಮುಚ್ಚೂದೊಂದ ಬಾಕಿ ಇತ್ತು. ಜಾಗೀರದಾರರು ಮಾರಿದ ಹಳೇ ಮೋಟಾರ್ ಕೊಂಡವ್ರು ಆಗೊಬ್ರು ಈಗೊಬ್ರು ಬಂದು, "ಇಂಜಿನ್ ಅಸಲಿ ಅದನೋ ಇಲ್ಲೋ ನೋಡ್ರಿ" ಅಂತಿದ್ರು. ಅದರ ಮ್ಯಾಲೇ ನಮ್ಮ ರೊಟ್ಟಿ.

ಪಿಸ್ಟನ್ ಹಿಡದು ಕ್ರ್ಯಾಂಕ್ ತಿರುಗಿಸೋ ಕಬ್ಬಿಣದ ತೋಳಿಗೆ ಕನೆಕ್ಟಿಂಗ್ ರಾಡ್ ಅಂತಾರ. ಉಸ್ತಾದರು ಮೊದಲು ನೋಡೂದು ಅದನ್ನ. ಕಂಪನಿ ಛಾಪಾ ಇರಬೇಕು, ರಾಡಿಗೂ ಅದರ ಕೆಳಗಿನ ಟೋಪಿಗೂ ಒಂದ ನಂಬರ್ ಇರಬೇಕು. ಇದ್ರ ಅಸಲಿ, ಇಲ್ಲಂದ್ರ ಯಾರೋ ಬ್ಯಾರೆ ಮೋಟಾರಿಂದು ತಂದು ಕೂಡ್ಸ್ಯಾರ ಅಂತ ಅರ್ಥ.

೧. ದತ್ತಕ

ಒಬ್ಬ ವಕೀಲರು ತಮ್ಮ ಮನಿ ಮೋಟಾರ್ ತಂದ್ರು. ಉಸ್ತಾದರು ಬಿಚ್ಚಿ ನೋಡಿ, "ಒಂದು ರಾಡ್ ಅಸಲಿ ಅಲ್ರಿ" ಅಂದ್ರು.

ವಕೀಲರಿಗೆ ಸಿಟ್ಟು ನೆತ್ತಿಗೇರಿತು. "ನಮ್ಮಪ್ಪ ಕೊಂಡ ಗಾಡಿ ಇದು. ನಮ್ಮ ಮನಿತನದಾಗ ನಕಲಿ ಅಂಬೋದು ಇಲ್ಲ."

ಉಸ್ತಾದರು ಸಮಾಧಾನ ಮಾಡಾಕ ಹೋದ್ರು. "ಮನಿತನ ಅಸಲಿನೇ ಅದರೀ. ಇದೊಂದು ಅಷ್ಟ ದತ್ತಕ ಬಂದದ್ದು."

ವಕೀಲರು ಟೋಪಿ ಹಾಕ್ಕೊಂಡು ಹೊಂಟ ಹೋದ್ರು. ಅವ್ರೂ ಆ ಮನಿಗೆ ದತ್ತಕ ಬಂದವ್ರು ಅಂತ ನಮಗ ಆಮ್ಯಾಲ ಗೊತ್ತಾತು.

೨. ಎಪ್ಪತ್ತೆಂಟು ಗಾಡಿ

ಕಮಲಾಪುರದ ಸಾವುಕಾರರು ಒಂದು ಎಂಟು ಸಿಲಿಂಡರಿನ ಮೋಟಾರ್ ಕೊಂಡ್ರು. ಮಗನ್ನ ಮದುಮಗನ್ನ ಮಾಡಿ ಅದರಾಗ ಕಲಬುರ್ಗಿ ಬೀಗರ ಮನಿಗೆ ತರಬೇಕಂತ ಭಾಳ ಹೌಸಿ. ಮೋಟಾರಿನ ಮೂತಿ ಮ್ಯಾಲ ಇಂಗ್ಲಿಷಿನ 'ವಿ', ಅದರ ಬಾಜೂಕ ಎಂಟು ಅಂತ ಹಿತ್ತಾಳಿ ಬಿಲ್ಲೆ ಇತ್ತು. ಸಾವುಕಾರರ ಲೆಕ್ಕ ಬರಿಯೋ ಮುನೀಮ ಉರ್ದು ಸಾಲಿ ಕಲ್ತಾಂವ, ಇಂಗ್ಲಿಷ್ ಅಂಕಿ ಅಷ್ಟ ಬರ್ತಿದ್ವು, ಅಕ್ಷರ ಬರ್ತಿದ್ದಿಲ್ಲ. ಉರ್ದುದಾಗ ಏಳು ಅಂದ್ರ ಥೇಟ್ ಇಂಗ್ಲಿಷಿನ ವಿ ಇದ್ದಂಗ. ಅಂವ ಅದನ್ನ ಎಪ್ಪತ್ತೆಂಟು ಅಂತ ಓದಿ, ಗಾಡಿ ಹೆಸರ ಅದು ಅಂತ ತಿಳದು, ಬೀಗರ ಮನಿಗೆ ಹೋಗಿ ಎದಿ ಉಬ್ಬಿಸಿ ಹೇಳಿ ಬಂದ: "ನಮ್ಮ ಸಾವುಕಾರರು ಎಪ್ಪತ್ತೆಂಟು ಗಾಡಿ ತಗೊಂಡು ಬರ್ತಾರ."

ಬೀಗರು ಎತ್ತಿನ ಗಾಡಿ ಅಂತ ತಿಳದ್ರು. ಅಷ್ಟು ಜೋಡಿ ಎತ್ತಿಗೆ ಬೇಕಂತ ಊರಾಗಿನ ಕಣಕಿ ಮೇವು ಎಲ್ಲಾ ತಂದು ಅಂಗಳದಾಗ ಒಟ್ಟಿದ್ರು. ಮದವಿ ಮುಗದ ಮ್ಯಾಲೂ ಅವ್ರ ಎಮ್ಮಿ ವರ್ಷಗಟ್ಟಲೆ ಬೀಗರೂಟ ಉಂಡ್ವು.

೩. ಏಳೋ ಎಂಟೋ

ಆ ಮೋಟಾರ್ ಖಡಖಡ ಅಂತಿತ್ತು. ಮದವಿ ಮೂರು ದಿನ ಇದ್ದಾಗ ನಮ್ಮಲ್ಲಿ ತಂದ್ರು. "ಇದು ಓಡಿದ್ರ ಗ್ಯಾರೇಜು ಉಳೀತು ತಿಳಿ. ನಡು ದಾರ್ಯಾಗ ನಿಂತ್ರ ಬೀಗ ಹಾಕೂದ" ಅಂದ್ರು ಉಸ್ತಾದರು. ನಕ್ಕೋತ ಅಂದ್ರು ಖರೇ, ಅವ್ರ ಮನ್ಯಾಗ ಉಣ್ಣೋ ಬಾಯಿ ಭಾಳ.

ಇಂಜಿನ್ ಬಿಚ್ಚಿ, ಸೀಮಿಎಣ್ಣಿ ಅಂದ್ರ ಘಾಸಲೇಟಿನ್ಯಾಗ ಸಾಮಾನು ತೊಳದು ನೋಡಿದ್ರ ಆರು ರಾಡ್ ಅಸಲಿ. ಕಡೀ ಎರಡು ಬ್ಯಾರೆ, ಯಾವನೋ ಮಿಸ್ತ್ರಿ ಕೂಡ್ಸಿ ಉರ್ದು ಅಂಕಿ ಬಡದಿದ್ದ. ಉರ್ದು ಏಳು ಬೋರಲು ಹಾಕಿದ್ರ ಎಂಟು ಆಗ್ತದ. ಯಾವ ಟೋಪಿ ಯಾವ ರಾಡಿಂದು?

ಒಂದು ಟೋಪಿ ಮೇಜಿನ ಮ್ಯಾಲಿಟ್ಟು, ಆಚೆ ಕಡೆ ನಿಂತ ಉಸ್ತಾದರು, "ಸಾತ್ ಹೈ, ಏಳು" ಅಂದ್ರು. ಈಚೆ ನಿಂತ ನಾ, "ಎಂಟು ಅದರೀ" ಅಂದೆ.

"ಕಣ್ಣಾಗ ಏನ್ ಎಣ್ಣಿ ಬಿದ್ದದ ಏನಪಾ? ತಡಿ, ನಾನೇ ಬರ್ತೇನಿ" ಅಂತ ಅವ್ರು ಈ ಕಡೆ ಬಂದ್ರು. ಅವ್ರ ಮಾತೂ ನೋಡೂಣು ಅಂತ ನಾ ಆ ಕಡೆ ಹೋದೆ. ಬಗ್ಗಿ ನೋಡಿ ಉಸ್ತಾದರು ಮೆಲ್ಲಕ, "ನೀ ಹೇಳಿದ್ದ ಖರೇ ಅದ, ಎಂಟು" ಅಂದ್ರು.

"ಇಲ್ರಿ ಉಸ್ತಾದ್, ನೀವ ಖರೇ, ಏಳು" ಅಂದೆ ನಾ.

ಕಡೀಕ ನಂಬರ್ ಬಿಟ್ಟು, ಕೈಲೆ ತಿರುಗಿಸಿ ತಿರುಗಿಸಿ ಯಾವುದು ಹಗೂರ ತಿರುಗ್ತದೋ ಅದನ್ನ ಕೂಡ್ಸಿದ್ವಿ. ಹಂಗ ಜಗಳಾಡೋ ಉಸ್ತಾದರು ಮತ್ತ ನನಗ ಸಿಗ್ಲಿಲ್ಲ.

೪. ಅಜ್ಜಿ ಕೇಳಿದ್ದು

ಮೋಟಾರ್ ಕಮಲಾಪುರದಿಂದ ಕಲಬುರ್ಗಿತನಕ ತುಪ್ಪದಂಗ ಬಂತು. ಉಸ್ತಾದರೇ ನಡಿಸಿದ್ರು, ಬಾಜೂಕ ನಾ. ಬೀಗರ ಬಾಗಲಾಗ ನಿಂತಾಗ ಉಸ್ತಾದರ ಕಣ್ಣಾಗ ನೀರಿತ್ತು.

ಅಷ್ಟರಾಗ ಮದುಮಗಳ ಅಜ್ಜಿ ಹೊರಗ ಬಂದ್ಳು. ಗಂಡಿನ ಕಡೆಯಿಂದ ಎಂಟು ಬಂಗಾರದ ಬಳಿ ಬಂದಿದ್ವು. ಉಸ್ತಾದರೂ ಗಂಡಿನ ಕಡೆ ಹಿರೇರು ಅಂತ ತಿಳದು, ಸೆರಗು ಬಾಯಿಗೆ ಹಿಡದು ಕೇಳಿದ್ಳು: "ಎಂಟೂ ಅಸಲಿ ಅವ ಏನ್ರೀ?"

ಉಸ್ತಾದರ ತಲ್ಯಾಗ ರಾಡು ಬಿಟ್ರ ಬ್ಯಾರೆ ಏನಿಲ್ಲ. "ಆರು ಅಸಲಿ ಅವ ಅಮ್ಮಾ. ಎರಡು ಹಂಗ ಕೂಡಿಸಿದ್ದು. ನೀವೇನು ಕಾಳಜಿ ಮಾಡಬ್ಯಾಡ್ರಿ, ಯಾರಿಗೂ ಗೊತ್ತಾಗಂಗಿಲ್ಲ."

ಅಜ್ಜಿ ಒಳಗ ಹೋದ್ಳು, ವಾಲಗ ನಿಂತಿತು. ಪತ್ತಾರನ್ನ ಕರಿಸಿ, ಒರೆಗಲ್ಲಿಗೆ ತಿಕ್ಕಿ, ಎಂಟೂ ಬಳಿ ಅಸಲಿ ಅಂತ ಆದ ಮ್ಯಾಲೇ ಸಾವುಕಾರರ ಮಾರಿಗೆ ಹೋದ ಕಳಿ ಬಂತು. "ಹಂಗಂದಾವ ಯಾರು?" ಅಂದ್ರ ಅಜ್ಜಿ ಉಸ್ತಾದರ ಕಡೆ ಬೊಟ್ಟು ಮಾಡಿದ್ಳು. ಉಸ್ತಾದರು ಬೆವತು, "ನಾ ಮೋಟಾರಿನ ರಾಡಿನ ಮಾತು ಆಡಿದ್ದು ಹುಜೂರ್" ಅಂದ್ರು. ಮದವಿ ಹಂದ್ರದಾಗ ಕುಂತ ಮಂದಿ ಎಲ್ಲಾ ಹೊಟ್ಟಿ ಹಿಡ್ಕೊಂಡು ನಕ್ರು. ಆ ನಗೀದಾಗೇ ಅಕ್ಕಿಕಾಳು ಬಿದ್ದು ಮದವಿ ಆತು.

ಇನ್ನ ಗ್ಯಾರೇಜಿಗೆ ಬೀಗನೇ ಅಂತ ನಾ ತಿಳದಿದ್ದೆ. ಊರಾಗ ಸುದ್ದಿ ಬ್ಯಾರೇನ ಹಬ್ಬಿತ್ತು: ಮದವಿ ನಿಂತ್ರೂ ಆ ಉಸ್ತಾದ್ ಸುಳ್ಳು ಹೇಳಂಗಿಲ್ಲ ಅಂತ. ಮರುದಿನ ಮುಂಜಾನೆ ಬಾಗಲಾ ತೆಗೀತಿದ್ದಂಗ ಮೊದಲ ಗಿರಾಕಿ ಟಾಂಗಾದಾಗ ಬಂದಿಳೀತು. ಅದೇ ಅಜ್ಜಿ. ಮೂಗಿನ ನತ್ತು ಬಿಚ್ಚಿ ಉಸ್ತಾದರ ಕೈಯಾಗಿಟ್ಟು, "ನಮ್ಮತ್ತಿ ಕೊಟ್ಟದ್ದಪಾ. ಪತ್ತಾರನ ಮ್ಯಾಲ ನನಗ ಭರೋಸಾ ಇಲ್ಲ, ನೀ ಹೇಳು ಅಸಲಿ ಏನು" ಅಂದ್ಳು.

ಉಸ್ತಾದರು ಅದನ್ನ ಬೆಳಕಿಗೆ ಹಿಡದು ನೋಡಿ, "ಬಿಚ್ಚಿದ ಸಾಮಾನು ತೊಳೀಲಾರದ ಹೇಳೂದು ನಮ್ಮಲ್ಲಿ ಪದ್ಧತಿ ಇಲ್ಲ ಅಮ್ಮಾ" ಅಂದು, ನತ್ತು ಸೀದಾ ಘಾಸಲೇಟ್ ಎಣ್ಣಿ ಡಬ್ಬಿಯೊಳಗ ಹಾಕಿದ್ರು.