ನನ್ನ ಕತ್ತು, ಅವಳ ಉಸಿರು

ಮೂವತ್ತು ವರ್ಷದಿಂದ ಊರವರ ಕತ್ತಿಗೆಲ್ಲ ಟೇಪು ಹಾಕಿದ ದರ್ಜಿ ನಾನು. ಅಂಥ ನನ್ನ ಕತ್ತಿಗೇ ಮೊನ್ನೆ ಒಬ್ಬರು ಡಾಕ್ಟರಮ್ಮ ಟೇಪು ಸುತ್ತಿ, "ಹದಿನೇಳೂವರೆ ಇಂಚು" ಎಂದು ಘೋಷಿಸಿಬಿಟ್ಟರು. "ಟೇಪು ಸಡಿಲ ಹಿಡಿದಿದ್ದೀರಿ ಮೇಡಂ" ಎಂದೆ. (ನನ್ನ ಅಂಗಿಗೆ ಹದಿನಾರರ ಕಾಲರ್ ಹೊಲಿದುಕೊಂಡು, ಮೇಲಿನ ಗುಂಡಿಯನ್ನು ಯಾವತ್ತೂ ಹಾಕದೆ ಓಡಾಡುವುದು ನಮ್ಮ ಮನೆಯ ಒಳಗಿನ ವಿಚಾರ.)

ನನ್ನನ್ನು ಅಲ್ಲಿಗೆ ಎಳೆದೊಯ್ದವಳು ನನ್ನ ಹೆಂಡತಿ. ನಮ್ಮ ಅಂಗಡಿಯಲ್ಲಿ ಕಾಜಾ, ಗುಂಡಿ ಅವಳ ಖಾತೆ. ಕತ್ತರಿ ಮತ್ತು ಮಾತು ನನ್ನ ಖಾತೆ. ಊಟವಾದ ಮೇಲೆ ನಾನು ಲೋಕದ ಆಗುಹೋಗುಗಳ ಬಗ್ಗೆ ಅಭಿಪ್ರಾಯ ಮಂಡಿಸುತ್ತಿದ್ದರೆ, ಅವಳು ಸೂಜಿ ಹಿಡಿದುಕೊಂಡೇ ತಲೆಯಾಡಿಸಿ ಒಪ್ಪುತ್ತಾಳೆ. ಇಂಥ ಹೆಂಡತಿ ಸಿಗುವುದಕ್ಕೂ ಪುಣ್ಯ ಮಾಡಿರಬೇಕು.

ಆದರೆ ಡಾಕ್ಟರ ಮುಂದೆ ಅವಳೇ ತಿರುಗಿಬಿದ್ದಳು. "ಗೊರಕೆ ಹಾಳಾಗಿ ಹೋಗ್ಲಿ ಡಾಕ್ಟ್ರೇ, ಅದು ನಿಂತಾಗಲೇ ನಂಗೆ ಭಯ. ಉಸಿರೇ ಇರಲ್ಲ. ನಂಗೆ ನಿದ್ದೆ ಹತ್ತೋವರೆಗೂ ಒಂದು, ಎರಡು ಅಂತ ಎಣಿಸ್ತೀನಿ. ಇಪ್ಪತ್ತಾದ್ರೂ ಬರ್ಲಿಲ್ಲ ಅಂದ್ರೆ ಪಕ್ಕೆಗೆ ತಿವೀತೀನಿ."

ನಾನು ಇಷ್ಟು ವರ್ಷ ಪಕ್ಕೆನೋವಿಗೆ ಹೊಲಿಗೆ ಮಷೀನನ್ನು ಬೈಯುತ್ತಿದ್ದೆ.

"ಹಗಲಲ್ಲಿ ನಿದ್ದೆ ಬರುತ್ತಾ?" ಎಂದರು ಡಾಕ್ಟರಮ್ಮ.

"ಎಲ್ಲಾದರೂ ಉಂಟೇ?" ಎಂದೆ.

"ಹೋದ ವಾರ ಒಂದೇ ಅಂಗಿಗೆ ಎರಡೂ ಬಲತೋಳು ಹಚ್ಚಿದ್ರು," ಎಂದಳು ಇವಳು.

ನಿದ್ದೆಯಲ್ಲಿ ಗಂಟಲು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುವ ಕಾಯಿಲೆ ಇರಬಹುದಂತೆ. ಅದನ್ನು ಖಚಿತಪಡಿಸಲು ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಉಪಕರಣ ಕೊಟ್ಟರು. ಎದೆಗೊಂದು ಪಟ್ಟಿ, ಮೂಗಿಗೊಂದು ಸಣ್ಣ ನಳಿಕೆ, ಬೆರಳಿಗೊಂದು ಕ್ಲಿಪ್ಪು. "ಒಂದು ರಾತ್ರಿ ಮನೇಲೇ ಕಟ್ಕೊಂಡು ಮಲಗಿ. ಗಂಟೆಗೆ ಎಷ್ಟು ಸಲ ಉಸಿರು ತಡೆಯುತ್ತೆ ಅಂತ ಗೊತ್ತಾಗುತ್ತೆ. ಐದರೊಳಗಿದ್ರೆ ಚಿಂತೆಯಿಲ್ಲ. ಮೂವತ್ತು ದಾಟಿದ್ರೆ ಕಾಯಿಲೆ ಜೋರಾಗಿದೆ ಅಂತ. ಆಗ ದಿನಾ ರಾತ್ರಿ ಗಾಳಿ ಊದೋ ಈ ಮಾಸ್ಕು ಹಾಕ್ಕೋಬೇಕು" ಎಂದು ಗೋಡೆಯ ಚಿತ್ರ ತೋರಿಸಿದರು. ಅದರಲ್ಲಿ ಒಬ್ಬ ಸದ್ಗೃಹಸ್ಥ ಮುಖಕ್ಕೆ ಆನೆಯ ಸೊಂಡಿಲು ಕಟ್ಟಿಕೊಂಡು ಮಲಗಿದ್ದ.

ಸೊಂಡಿಲಾದರೂ ಸಹಿಸಬಹುದಿತ್ತು. ಗೊರಕೆ ಹೊಡೆಯುವುದಿಲ್ಲ ಎಂದು ಮೂವತ್ತು ವರ್ಷ ಸಾಧಿಸಿಕೊಂಡು ಬಂದವನು ನಾನು. ಈಗ ಸೋತರೆ ಮುಂದಿನ ಯಾವ ಜಗಳದಲ್ಲೂ ನನಗೆ ಬಾಯಿ ಇರುವುದಿಲ್ಲ.

ಆಗಲೇ ಆ ದಿವ್ಯ ಆಲೋಚನೆ ಹೊಳೆದದ್ದು. ನನ್ನ ಹೆಂಡತಿಯ ಗೊರಕೆಯನ್ನು ನಾನು ಒಂದು ದಿನವೂ ಕೇಳಿಲ್ಲ. (ದಿನವೂ ಮೊದಲು ನಿದ್ದೆ ಹೋಗುವವನು ನಾನೇ ಎಂಬುದು ಹೊಳೆಯಲಿಲ್ಲ.) ಆ ರಾತ್ರಿ ಅವಳೇ ಅಕ್ಕರೆಯಿಂದ ನನಗೆ ಪಟ್ಟಿ ಬಿಗಿದಳು. ಅವಳು ನಿದ್ದೆ ಹೋಗುವವರೆಗೆ ನಾನು ತೊಡೆಗೆ ಗುಂಡುಸೂಜಿ ಚುಚ್ಚಿಕೊಳ್ಳುತ್ತಾ ಎಚ್ಚರವಾಗಿದ್ದೆ. ನಿದ್ದೆ ಹತ್ತಿದರೆ ನಗಾರಿ ಬಾರಿಸಿದರೂ ಏಳುವವಳಲ್ಲ ಅವಳು. ಎಲ್ಲವನ್ನೂ ಬಿಚ್ಚಿ ಅವಳಿಗೆ ತೊಡಿಸಿದೆ. ದರ್ಜಿಗೆ ಅದೆಷ್ಟು ಹೊತ್ತಿನ ಕೆಲಸ? ಕೂಡಲೇ ನಿದ್ದೆ ಹೋದೆ. ಬೆಳಗ್ಗೆ ಅವಳಿಗಿಂತ ಮೊದಲೆದ್ದು ಮತ್ತೆ ನನಗೇ ಕಟ್ಟಿಕೊಂಡೆ.

ಮೂರು ದಿನ ಬಿಟ್ಟು ಫಲಿತಾಂಶ ಕೇಳಲು ಹೋದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗೆದ್ದವನ ಹಾಗೆ ಕೂತಿದ್ದೆ.

ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಗಂಟೆಗೆ ಮೂವತ್ತನಾಲ್ಕು ಸಲ. ಒಂದ್ಸಲವಂತೂ ನಲವತ್ತು ಸೆಕೆಂಡು ಉಸಿರೇ ಇಲ್ಲ. ಹೀಗೇ ಬಿಟ್ರೆ ಹೃದಯಕ್ಕೆ ಅಪಾಯ."

ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ನಿಮಗೇನಾದ್ರೂ ಆದ್ರೆ ನಾನೇನ್ರೀ ಮಾಡ್ಲಿ?" ಎಂದಳು. ಕಣ್ಣು ತುಂಬಿತ್ತು.

ನಲವತ್ತು ಸೆಕೆಂಡು. ನಾನು ಪಕ್ಕದಲ್ಲೇ ಕೊರಡಿನ ಹಾಗೆ ಬಿದ್ದಿದ್ದೆ. ನನ್ನ ಉಸಿರು ಎಣಿಸಲು ಅವಳಿದ್ದಳು. ಅವಳ ಉಸಿರು ನಿಂತಾಗ ಎಣಿಸಲು ಯಾರೂ ಇರಲಿಲ್ಲ. ಸುಮ್ಮನಿದ್ದರೆ ಔಷಧೋಪಚಾರ ನನಗೆ, ಅಪಾಯ ಅವಳಿಗೆ.

"ಅದು ನನ್ನದಲ್ಲ ಮೇಡಂ," ಎಂದು ನಡೆದದ್ದನ್ನೆಲ್ಲ ಒಪ್ಪಿಸಿದೆ, ಗುಂಡುಸೂಜಿಯ ಸಮೇತ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇವಳು ಕೈ ಬಿಟ್ಟಳು. "ನನ್ನ ಉಸಿರನ್ನೂ ನಿಮ್ಮ ಹೆಸರಿಗೆ ಬರೆಸ್ಕೊಂಡ್ರಾ?" ಎಂದಳು.

ಡಾಕ್ಟರಮ್ಮ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. "ನಿಮಗೆ ಹಗಲಲ್ಲಿ ತೂಕಡಿಕೆ ಬರುತ್ತಾ ಅಮ್ಮಾ?"

"ಕೆಲಸ ಮಾಡುವಾಗ ಇಲ್ಲ. ಊಟ ಆದ್ಮೇಲೆ ಇವರು ಮಾತಾಡೋಕೆ ಶುರು ಮಾಡಿದ್ರೆ ಸಾಕು, ಕತ್ತು ನಿಲ್ಲಲ್ಲ."

"ಅಂದ್ರೆ ನೀನು ತಲೆಯಾಡಿಸ್ತಿದ್ದದ್ದು..." ಎಂದೆ.

"ಎಷ್ಟು ಸಲ ಸೂಜಿ ಚುಚ್ಚಿಕೊಂಡಿದ್ದೀನಿ ಗೊತ್ತಾ?" ಎಂದಳು.

ಮತ್ತೆ ಇಬ್ಬರಿಗೂ ಬೇರೆಬೇರೆಯಾಗಿ, ನ್ಯಾಯವಾಗಿ ಪರೀಕ್ಷೆ ನಡೆಯಿತು. ನನ್ನದು ಮೂವತ್ತೊಂಬತ್ತು. ಈಗ ನಮ್ಮ ಮಂಚದ ಎರಡು ಬದಿಗೂ ಒಂದೊಂದು ಯಂತ್ರವಿದೆ. ಎರಡು ಸೊಂಡಿಲುಗಳು ಬೆಳಗಿನವರೆಗೂ ನೆಮ್ಮದಿಯಾಗಿ ಗಾಳಿ ಊದುತ್ತವೆ. ಅವಳು ಎಣಿಸುವುದನ್ನು ಬಿಟ್ಟಿದ್ದಾಳೆ. ನಾನು ಆಗಾಗ ಎದ್ದು ಎಣಿಸುತ್ತೇನೆ. ಎರಡು ಎನ್ನುವಷ್ಟರಲ್ಲಿ ಅವಳ ಉಸಿರು ಬರುತ್ತದೆ.

ನಿನ್ನೆ ಊಟವಾದ ಮೇಲೆ, ಈಗಿನ ಹುಡುಗರಿಗೆ ಕಾಲರಿನ ಬೆಲೆ ಗೊತ್ತಿಲ್ಲ ಎಂಬ ನನ್ನ ಹಳೆಯ ಅಭಿಪ್ರಾಯವನ್ನು ಮಂಡಿಸಿದೆ. ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, ತಲೆಯೆತ್ತಿ, ಕಣ್ಣು ಅಗಲ ಮಾಡಿಕೊಂಡು ಕೊನೆಯವರೆಗೂ ಕೇಳಿದಳು.

"ಇಷ್ಟು ವರ್ಷ ದಿನಾ ಇದನ್ನೇ ಹೇಳ್ತಿದ್ರಾ?" ಎಂದಳು.