ಅತ್ತೆಯ ಊರಿನ ಮಾತು, ಮಾಮಾನ ಹಟ

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಅಮೆರಿಕದ ಮಾರಿಸ್‌ವಿಲ್‌ನ ಕನ್ನಡಿಗರೆಲ್ಲ ಒಮ್ಮತದಿಂದ ಒಪ್ಪಿದ್ದಾರೆ. ನಮ್ಮವರು ಒಮ್ಮತಕ್ಕೆ ಬಂದ ಇನ್ನೊಂದು ವಿಷಯವಿದ್ದರೆ ದಯವಿಟ್ಟು ತಿಳಿಸಿ! ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಯಾರಾದರೂ "ಆರಾಮ ಅದೀರಿ?" ಎಂದರೆ ಈತ "ಮೊಯ್" ಎನ್ನುತ್ತಾನೆ. ಬೆಳಿಗ್ಗೆಯೂ ಮೊಯ್, ಸಂಜೆಯೂ ಮೊಯ್. ವಯಸ್ಸು ಎಪ್ಪತ್ತು ದಾಟಿದೆ, ಹುಟ್ಟಿದ್ದು ಧಾರವಾಡ, ಬಾಯಲ್ಲಿ ಮಾತ್ರ ಗ್ರೋನಿಂಗ್ಸ್. ನೆದರ್‌ಲ್ಯಾಂಡಿನ ಉತ್ತರದ ಮೂಲೆಯವರು ಆಡುವ ಡಚ್ ಅದು, ಮೊಯ್ ಅಂದರೆ ಅವರ ನಮಸ್ಕಾರ.

ಇದಕ್ಕೆಲ್ಲ ಕಾರಣ ನಮ್ಮ ಅತ್ತೆ. ಆ ಮೂಲೆಯ ಒಂದು ಹಳ್ಳಿಯಿಂದ ಕೆರೊಲೈನಾಕ್ಕೆ ನರ್ಸಾಗಿ ಬಂದವಳು ಈ ಧಾರವಾಡದ ಎಂಜಿನಿಯರನ ಕೈ ಹಿಡಿದಳು. ನಲವತ್ತು ವರ್ಷ ಇಬ್ಬರೂ ಇಂಗ್ಲಿಷಿನಲ್ಲಿ ಸಂಸಾರ ಮಾಡಿದರು. ಜಗಳವೂ ಇಂಗ್ಲಿಷಿನಲ್ಲೇ, ಹಾಗಾಗಿ ಒಬ್ಬರೂ ಪೂರ್ತಿ ಗೆಲ್ಲಲಿಲ್ಲ. ಆಮೇಲೆ ಅತ್ತೆಗೆ ಮರೆವಿನ ಕಾಯಿಲೆ ಶುರುವಾಯಿತು. ಮೊದಲು ಕಾರಿನ ಕೀಲಿ ಮರೆತಳು, ನಂತರ ಮನೆಯ ದಾರಿ, ಕೊನೆಗೆ ಇಡೀ ಇಂಗ್ಲಿಷನ್ನೇ. ಉಳಿದದ್ದು ಹುಟ್ಟೂರಿನ ಗ್ರೋನಿಂಗ್ಸ್ ಒಂದೇ. ಮಾಮಾನಿಗೆ ಅದರ ಒಂದಕ್ಷರ ಬರುತ್ತಿರಲಿಲ್ಲ. ಒಂದೇ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು, ನಡುವೆ ಒಂದು ಮಾತೂ ಇಲ್ಲ.

ಆದರೆ ಇಷ್ಟಕ್ಕೆ ಸುಮ್ಮನಾಗುವ ಪ್ರಾಣಿಯೇ ಅದು? ಎಂಟು ತಿಂಗಳು ಫೋನಿನ ಆ್ಯಪ್ ಹಿಡಿದು ಕೂತು ಡಚ್ ಕಲಿತ. ಒಂದು ಬೆಳಿಗ್ಗೆ ಅಚ್ಚುಕಟ್ಟಾದ ಪುಸ್ತಕದ ಡಚ್ಚಿನಲ್ಲಿ ಅತ್ತೆಗೆ ಕಾಫಿ ಬೇಕೇ ಎಂದು ಕೇಳಿದ. ಅತ್ತೆ ದಡಬಡಿಸಿ ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದಳು.

"ಸಾಲಿ ಮಾಸ್ತರ ಅಂತ ತಿಳಕೊಂಡಾಳ ನನ್ನ," ಎಂದು ಮಾಮಾ ತಲೆ ಹಿಡಿದುಕೊಂಡ. "ಉಗುರು ತೋರಿಸಿದ್ಲು. ನಾ ಏನ್ ಮಾಡ್ಲವಾ? ಛಂದ ಅದಾವು, ಕೂಡ್ರು ಅಂದೆ."

ಅವಳ ಹಳ್ಳಿಯಲ್ಲಿ ಅಂಥ ಡಚ್ ಆಡುತ್ತಿದ್ದವರು ಮಾಸ್ತರರು ಮತ್ತು ಸರಕಾರದವರು ಮಾತ್ರ. ಧಾರವಾಡದ ಮನುಷ್ಯನಿಗೆ ಇದು ಮೊದಲೇ ಹೊಳೆಯಬಾರದೇ? ನಮ್ಮ ಅಜ್ಜಿಗೆ ಯಾರಾದರೂ ರೇಡಿಯೋ ವಾರ್ತೆಯ ಕನ್ನಡದಲ್ಲಿ "ತಾವು ಭೋಜನ ಮಾಡಿದಿರಾ?" ಎಂದಿದ್ದರೆ ರೇಷನ್ ಕಾರ್ಡ್ ಹುಡುಕಲು ಓಡುತ್ತಿದ್ದಳು!

ಆ್ಯಪಿನಲ್ಲಿ ಗ್ರೋನಿಂಗ್ಸ್ ಇರಲಿಲ್ಲ. ಮಾಮಾ ಆ ಹಳ್ಳಿಯಲ್ಲೇ ಇದ್ದ ಅತ್ತೆಯ ಅಕ್ಕನಿಗೇ ಗಂಟುಬಿದ್ದ. ದಿನಾ ಬೆಳಿಗ್ಗೆ ಫೋನಿನಲ್ಲಿ ಪಾಠ. ಬಾಯಿ ಹೆಚ್ಚು ತೆರೆಯಬಾರದು, ಮಾತಿನ ಕೊನೆಯನ್ನು ನುಂಗಬೇಕು. ಹುಬ್ಬಳ್ಳಿಗೆ ಕೇಳುವಂತೆ ಮಾತಾಡುವ ನಮ್ಮ ಮಾಮಾನಿಗೆ ಎಂಥ ಶಿಕ್ಷೆ! ಆ ಮುದುಕಿಯ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ "ಕೊನ್ ಮಿಂಡರ್", ಅಂದರೆ ಇದಕ್ಕಿಂತ ಕೆಟ್ಟದಾಗಿರಬಹುದಿತ್ತು. ಆರು ತಿಂಗಳಿಗೆ ಅದು ಒಮ್ಮೆ ಸಿಕ್ಕಿತು. "ನಾವು ಅಡ್ಡಿಯಿಲ್ಲ ಅಂತೀವಲ್ಲ, ಅದ ಇದು," ಎಂದು ನನಗೆ ಫೋನ್ ಮಾಡಿ ಕುಣಿದಾಡಿದ.

ಹೋದ ಶನಿವಾರ ನಾನು ರೊಟ್ಟಿ ಕೊಡಲು ಹೋಗಿದ್ದೆ. ಮಾಮಾ ಅತ್ತೆಯ ಎದುರು ಕೂತು, ಬಾಯಿ ಅರ್ಧ ಮುಚ್ಚಿಕೊಂಡು ಏನೋ ಅಂದ. ಅತ್ತೆ ತಿರುಗಿ ನೋಡಿದಳು. ಉತ್ತರ ಕೊಟ್ಟಳು! ಆಮೇಲೆ ಅರ್ಧ ಗಂಟೆ ಇಬ್ಬರೂ ಗುಳುಗುಳು ಮಾತಾಡಿದರು. ಅವಳು ನಕ್ಕಳು, ಅವನ ಮೊಣಕಾಲಿಗೆ ಒಂದು ಏಟು ಕೊಟ್ಟಳು. ನನಗೆ ಅಳು ಬಂತು. ಕೊನೆಗೆ ಅವಳು ಬಾಗಿಲ ಕಡೆ ನೋಡುತ್ತ ಏನೋ ಹೇಳಿದಳು. ಮಾಮಾನ ಮುಖ ಇಳಿದುಹೋಯಿತು. ಆಮೇಲೆ ಅವನೂ ಏನೋ ಕೇಳಿದ, ಅವಳು ತಲೆಯಾಡಿಸಿದಳು.

ನನ್ನನ್ನು ಕಾರಿನ ತನಕ ಬಿಡಲು ಬಂದಾಗ, ಅತ್ತೆ ಏನಂದಳು ಎಂದು ಕೇಳಿದೆ.

"ನಾ ಅವರ ಊರಾಂವ ಅಂತ ತಿಳಕೊಂಡಾಳ. 'ನೀ ಇನ್ನ ಹೊರಡಪಾ, ನನ್ನ ಗಂಡ ಬರೂ ಹೊತ್ತಾತು. ಅವಗ ನಮ್ಮ ಮಾತು ತಿಳಿಯೂದಿಲ್ಲ, ಪಾಪ, ಒಬ್ಬನ ಸುಮ್ಮ ಕೂಡ್ರತಾನ' ಅಂದ್ಲು."

"ನೀ ಏನಂದಿ ಮಾಮಾ?"

"ಅಂವ ಬರೂ ತನಕ ನಾ ಇಲ್ಲೇ ಇರ್ಲೇನು ಅಂತ ಕೇಳಿದೆ. ಇರು ಅಂದ್ಲು."