ಕೆಬೆಕ್ಕಿನಲ್ಲಿ ನನ್ನ ಫ್ರೆಂಚ್ ದರ್ಬಾರು

ಫ್ರೆಂಚ್ ಮಾತನಾಡುವ ಊರಿಗೆ ಹೋಗಿ ಇಂಗ್ಲಿಷಿನಲ್ಲಿ ದಾರಿ ಕೇಳುವುದೇ? ಛೆ! ಜಯಪಾಲನೆಂಬ ಈ ದೇಹದಲ್ಲಿ ಉಸಿರಿರುವ ತನಕ ಅದು ನಡೆಯುವುದಿಲ್ಲ!

ಹೀಗೆಂದು ನಾನು ಬಹರೈನಿನ ಜಿಂಜ್‌ನ ನಮ್ಮ ಫ್ಲ್ಯಾಟಿನಲ್ಲಿ ಊಟದ ಮೇಜಿಗೆ ಗುದ್ದಿ ಘೋಷಿಸಿದಾಗ ಸಾರಿನ ಸೌಟು ಒಮ್ಮೆ ಹಾರಿ ಬಿತ್ತು. ಹೆಂಡತಿ ಉಮಾವತಿ ಮಾತ್ರ ಅಲುಗಲಿಲ್ಲ. ಅವಳು ಮನಾಮದ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಹದಿನೆಂಟು ವರ್ಷದಿಂದ ಕೂತವಳು. ಬಾಯಿ ದೊಡ್ಡದಾಗಿ ತೆರೆದವರನ್ನು ದಿನಾ ನೋಡುತ್ತಾಳೆ.

“ಮೆಲ್ಲಗೆ ಮಾರಾಯ್ರೆ, ಮೇಜು ಓನರ್‌ದು,” ಅಂದಳು. “ಯಾವ ಊರಿಗೆ ಈಗ?”

“ಕೆಬೆಕ್!”

“ಯಾವ ಬೆಕ್ಕು?”

ವಿಷಯ ಇಷ್ಟೇ. ನಮ್ಮ ಮಗಳು ಅಪೇಕ್ಷಾ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಓದು ಮುಗಿಸಿದ್ದಳು. ಜೂನಿನಲ್ಲಿ ಅವಳ ಘಟಿಕೋತ್ಸವ. ನಾವಿಬ್ಬರೂ ಬಹರೈನಿನಿಂದ ಹೊರಡುವುದೆಂದು ಟಿಕೆಟ್ ಆಗಿತ್ತು. ಘಟಿಕೋತ್ಸವದ ಹಿಂದಿನ ದಿನ ಅವಳಿಗೆ ಗೌನು, ರಿಹರ್ಸಲ್ಲು, ಅದು ಇದು ಓಡಾಟ. “ಪಪ್ಪಾ, ಆ ದಿನ ನೀವೂ ಮಮ್ಮಿಯೂ ಕೆಬೆಕ್ ಸಿಟಿ ನೋಡ್ಕೊಂಡು ಬನ್ನಿ. ನಾನೂರು ವರ್ಷ ಹಳೇ ಊರು. ಬೆಳಿಗ್ಗೆ ಬಸ್ ಹೋಗ್ತದೆ, ಗೈಡ್ ಇರ್ತಾರೆ. ಇಂಗ್ಲಿಷ್ ಗೈಡ್ ಇರುವ ಬಸ್ಸಲ್ಲಿ ಸೀಟ್ ಹಾಕ್ತೇನೆ,” ಅಂದಳು ಫೋನಿನಲ್ಲಿ.

“ಇಂಗ್ಲಿಷ್ ಯಾಕೆ? ಫ್ರೆಂಚ್ ಬಸ್ಸೇ ಹಾಕು!”

ಆ ಕಡೆಯಿಂದ, “ಪಪ್ಪಾ, ಆರ್ ಯು ಶೂರ್?”

ಶೂರನೇ! ನನ್ನನ್ನು ಏನೆಂದು ತಿಳಿದಿದ್ದಾಳೆ! ಬಹರೈನಿನ ನಮ್ಮ ಕನ್ನಡ ಸಂಘದ ಮೋಹನದಾಸ ಪ್ಯಾರಿಸ್ಸಿಗೆ ಹೋಗಿ ಬಂದವನು ಸತತ ಮೂರು ಶುಕ್ರವಾರ ಅದನ್ನೇ ಕೊರೆದಿದ್ದ. ಅವನಿಗೆ ಫ್ರೆಂಚಿನಲ್ಲಿ ಒಂದು ಲೋಟ ನೀರು ಕೇಳಲೂ ಬಾರದು. ನಾನು ಕೇಳಿ, ಕುಡಿದು, ವಿಡಿಯೋ ಮಾಡಿ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕುವವನಿದ್ದೆ!

ಫೋನಿನಲ್ಲಿ ಫ್ರೆಂಚ್ ಕಲಿಸುವ ಆ್ಯಪ್ ಇಳಿಸಿಕೊಂಡೆ. ಆರು ವಾರ, ಜಿಂಜ್‌ನಿಂದ ಹಿದ್‌ನ ನಮ್ಮ ಶಿಪ್ಪಿಂಗ್ ಆಫೀಸಿನ ತನಕ, ಪ್ರತಿ ಸಿಗ್ನಲ್ಲಿನಲ್ಲೂ ವಿದ್ಯಾಭ್ಯಾಸ. ಕಾರಿನಲ್ಲಿ ಜೊತೆಗೆ ಬರುವ ಸಹೋದ್ಯೋಗಿ ಅಫ್ಸಲ್ ಕಿವಿಗೆ ಬೆರಳಿಟ್ಟುಕೊಂಡು ಕೂರುತ್ತಿದ್ದ.

“ಜಯಪಾಲಣ್ಣ, ಆ್ಯಪಿನ ಹೆಂಗಸು ಕೇಳಿದ್ದು ನಿಮ್ಮ ಹೆಸರು. ನೀವು ಸೇಬು ಅಂತ ಹೇಳಿದ್ರಿ.”

“ಉಚ್ಚಾರ ಸರಿ ಇತ್ತಲ್ಲ?”

“ಸೇಬಿನ ಉಚ್ಚಾರ ಭಾರಿ ಲಾಯ್ಕ ಇತ್ತು.”

ಮನೆಯಲ್ಲಿ ಚಾ ಕೊಟ್ಟರೆ ‘ಮೆರ್ಸಿ’, ತಟ್ಟೆ ಕೊಟ್ಟರೆ ‘ಮೆರ್ಸಿ’. “ಧನ್ಯವಾದ ಅಂತ ಅರ್ಥ,” ಎಂದು ವಿವರಿಸಿದೆ. “ಮೆರ್ಸಿ ಅಂತ ಹೇಳಿ ಇಷ್ಟು ಮೆರೆಯುದಾ?” ಎಂದಳು ಉಮಾವತಿ. ಅಷ್ಟಾಗಿಯೂ ಹೊರಡುವ ದಿನದೊಳಗೆ ನಮಸ್ಕಾರ, ಕ್ಷೇಮ ಸಮಾಚಾರ, ಹಣ್ಣುಗಳು ಮತ್ತು ಒಂದರಿಂದ ಹತ್ತರವರೆಗಿನ ಅಂಕಿಗಳು ನನ್ನ ವಶವಾಗಿದ್ದವು. ಹತ್ತು ದಾಟಿದ ಪಾಠಕ್ಕೆ ಪುರಸೊತ್ತಾಗಲಿಲ್ಲ. ಬಸ್ಸಿನಲ್ಲಿ ಹೋಗುವವನಿಗೆ ಅದಕ್ಕಿಂತ ಹೆಚ್ಚು ಎಂತಕ್ಕೆ?

ಆ ದಿನ ಬೆಳಿಗ್ಗೆ ಏಳಕ್ಕೆ ಮಾಂಟ್ರಿಯಲ್ಲಿನಿಂದ ಬಸ್ಸು ಹೊರಟಿತು. ಗೈಡ್ ಜೋಸಿಯಾನ್ ಎಂಬ ಚುರುಕು ಹೆಂಗಸು. ಮೈಕ್ ಹಿಡಿದವಳು ಮೂರು ತಾಸು ಫ್ರೆಂಚಿನಲ್ಲಿ ಸುರಿದಳು. ಬಸ್ಸಿನವರೆಲ್ಲ ನಕ್ಕಾಗ ನಾನೂ ನಕ್ಕೆ, ಅರ್ಧ ಸೆಕೆಂಡು ತಡವಾಗಿ.

ಹಿಂದಿನ ಸೀಟಿನಿಂದ ಒಂದು ತಲೆ ಮುಂದೆ ಬಂತು. “ನಮಸ್ಕಾರ. ನೀವು ಕನ್ನಡದಲ್ಲಿ ಮಾತಾಡಿದ್ದು ಕೇಳಿತು. ಊರೆಲ್ಲಿ?”

“ಈಗ ಬಹರೈನ್. ಮೂಲ ಕಾಪು.”

“ಅಯ್ಯೋ ದೇವ್ರೆ! ನಾವು ಪಕ್ಕದ ಶಿರ್ವ!”

ಸಿಲ್ವೆಸ್ಟರ್ ಮತ್ತು ಅವರ ಹೆಂಡತಿ ಲಿಲ್ಲಿಬಾಯಿ. ಇಂಗ್ಲಿಷ್ ಬಸ್ ಭರ್ತಿಯಾಗಿ ಈ ಬಸ್ಸಿಗೆ ಬಿದ್ದವರು. “ಒಂದಕ್ಷರ ಅರ್ಥ ಆಗ್ತಾ ಇಲ್ಲ. ನಿಮಗೆ ಫ್ರೆಂಚ್ ಬರ್ತದಾ?”

ನಾನು ವಿನಯದಿಂದ ಕಣ್ಣು ಮುಚ್ಚಿದೆ. “ಸ್ವಲ್ಪ.”

“ಬಿಡಿ, ನಮ್ಮನ್ನು ಕಾಪಾಡ್ಲಿಕ್ಕೆ ದೇವರೇ ನಿಮ್ಮನ್ನು ಕಳಿಸಿದ್ದು!” ಅಂದರು ಲಿಲ್ಲಿಬಾಯಿ.

ಉಮಾವತಿ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಸಣ್ಣಗೆ ಕುಲುಕುತ್ತಿತ್ತು.

ಕೆಬೆಕ್ ಸಿಟಿ ಬಂತು. ಇಳಿಯುವಾಗ ಜೋಸಿಯಾನ್ ಬಾಗಿಲ ಬಳಿ ನಿಂತು ಎಲ್ಲರಿಗೂ ಏನೋ ಒತ್ತಿ ಒತ್ತಿ ಹೇಳಿದಳು. ಕೊನೆಗೆ, “ಕ್ಯಾಂಝರ್! ಕ್ಯಾಂಝರ್!”

“ಎಂತ ಹೇಳಿದ್ದು?” ಸಿಲ್ವೆಸ್ಟರ್ ಕೇಳಿದರು.

ಅಂಕಿ! ನನ್ನ ಖಾಸಾ ಇಲಾಖೆ! ಸ್ಯಾಂಕ್ ಎಂದರೆ ಐದು. ಸ್ಯಾಂಕರ್ ಎಂದರೆ ಐದು ಗಂಟೆ. ಈ ಊರಿನವರು ಅದನ್ನು ಸ್ವಲ್ಪ ಮೂಗಿನಲ್ಲಿ ಕ್ಯಾಂಝರ್ ಅನ್ನುತ್ತಾರೆ, ಅಷ್ಟೆ. “ಸಂಜೆ ಐದಕ್ಕೆ ಸರಿಯಾಗಿ ಇದೇ ಜಾಗಕ್ಕೆ ಬರಬೇಕಂತೆ,” ಎಂದೆ.

ಉಮಾವತಿ ದೊಡ್ಡ ಬ್ಯಾಗನ್ನು ಹೆಗಲಿಗೇರಿಸಿದಳು. ಅದರಲ್ಲಿ ಎರಡು ಪಾಸ್‌ಪೋರ್ಟ್, ನಮ್ಮ ಬಹರೈನಿನ ಗುರುತಿನ ಸಿಪಿಆರ್ ಕಾರ್ಡುಗಳು, ಮರುದಿನ ಬೆಳಿಗ್ಗೆಯ ಘಟಿಕೋತ್ಸವದ ಪಾಸುಗಳು, ಬಸ್ಸಿನ ಕಾಗದಪತ್ರ, ಅವಳ ಫೋನು.

“ಅದನ್ನು ಸೀಟಲ್ಲೇ ಬಿಡು. ಇಲ್ಲಿ ಯಾರೂ ಮುಟ್ಟುದಿಲ್ಲ.”

“ನೀವು ಹೇಳ್ತೀರಲ್ಲ, ಬಿಡ್ತೇನೆ,” ಎಂದು ಇಟ್ಟಳು. ಹದಿನೆಂಟು ವರ್ಷಕ್ಕೊಮ್ಮೆ ಅವಳು ನನ್ನ ಮಾತು ಕೇಳುವುದು. ಅದು ಆ ದಿನವೇ ಆಗಬೇಕಿತ್ತು!

ಕೋಟೆಯ ಗೋಡೆ, ಕಲ್ಲು ಹಾಸಿನ ಓಣಿಗಳು, ಸಾಲು ಫಿರಂಗಿ, ಕೆಳಗೆ ಸಮುದ್ರದಷ್ಟು ಅಗಲದ ನದಿ. ಗೈಡಿನ ಹಿಂದೆ ಗುಂಪು, ಗುಂಪಿನ ಹಿಂದೆ ನಾನು, ನನ್ನ ಹಿಂದೆ ನನ್ನ ಮೂವರು ಭಕ್ತರು. ಹಸಿರು ಮಾಡಿನ, ಗೋಪುರಗಳ ದೊಡ್ಡ ಕಟ್ಟಡದೆದುರು ಜೋಸಿಯಾನ್ ಐದು ನಿಮಿಷ ಮಾತಾಡಿದಳು.

“ರಾಜನ ಅರಮನೆ,” ಎಂದು ನಾನು ಅನುವಾದಿಸಿದೆ. “ರಾಜ ಬೇಸಿಗೆಯಲ್ಲಿ ಇಲ್ಲಿಗೇ ಬರುತ್ತಿದ್ದನಂತೆ.”

“ಅರಮನೆ ಬಾಗಿಲಲ್ಲಿ ಟ್ರಾಲಿ ಬ್ಯಾಗ್ ಎಳ್ಕೊಂಡು ಹೋಗುವವರು ಯಾರು?” ಉಮಾವತಿ ಕೇಳಿದಳು.

“ರಾಜನ ನೆಂಟರು.”

“ಎಲ್ಲರೂ ಕೌಂಟರಿನಲ್ಲಿ ಕೀ ತಗೊಳ್ತಾ ಇದ್ದಾರೆ.”

ನಾನು ಕೇಳಿಸದವನಂತೆ ಫಿರಂಗಿಯ ಕಡೆ ನಡೆದೆ.

ಮಧ್ಯಾಹ್ನ ಗೈಡ್ ಎಲ್ಲರನ್ನೂ ತಿರುಗಾಡಲು ಬಿಟ್ಟಳು. ಊಟಕ್ಕೆ ಹೊಕ್ಕ ಹೋಟೆಲಿನಲ್ಲಿ ನಾನು ಪರಿಚಾರಕನನ್ನು ನೋಡಿ “ಸಿಲ್ ವೂ ಪ್ಲೇ!” ಎಂದೆ. ದಯವಿಟ್ಟು ಅಂತ ಅರ್ಥ.

“ಎಂತ, ಕರೆದ್ರಾ?” ಸಿಲ್ವೆಸ್ಟರ್ ತಿರುಗಿದರು.

“ನಿಮ್ಮನ್ನಲ್ಲ.” ಮತ್ತೆ ಗಟ್ಟಿಯಾಗಿ, “ಸಿಲ್ ವೂ ಪ್ಲೇ!”

“ಇಲ್ಲೇ ಇದ್ದೇನಲ್ಲ ಮಾರಾಯ್ರೆ!”

ಪರಿಚಾರಕ ನೀರು ತಂದ. ಕುಡಿದೆ. ವಿಡಿಯೋ ಮೋಹನದಾಸನಿಗೆ ತಲುಪಿತು. ಆಮೇಲೆ ಫಿರಂಗಿಯದು, ನದಿಯದು, ನನ್ನದು, ನಾನು ಫಿರಂಗಿಗೆ ಒರಗಿದ್ದು. ಫೋನಿನ ಬ್ಯಾಟರಿ ಮೂರು ಪರ್ಸೆಂಟಿಗೆ ಇಳಿಯಿತು.

ಊಟವಾಗಿ ನಾಲ್ವರೂ ನದಿಗೆದುರಾಗಿ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದೆವು. ಮೂರು ಗಂಟೆ ದಾಟಿರಬೇಕು. ಫೋನ್ ಬಂತು. ಜೋಸಿಯಾನ್!

ಎಂಥ ಅವಕಾಶ! ಮೂವರು ಸಾಕ್ಷಿಗಳೆದುರು ಫ್ರೆಂಚರೊಡನೆ ಫ್ರೆಂಚಿನಲ್ಲೇ ಸಂವಾದ! ಎದ್ದು ನಿಂತೆ. ಆ ಕಡೆಯಿಂದ ಮಾತಿನ ಮಳೆ. ಅದರ ನಡುವೆ ಒಂದು ಶಬ್ದ ಸ್ಪಷ್ಟವಾಗಿ ಸಿಕ್ಕಿತು, “ರೆಸ್ತೆ?”

ರೆಸ್ಟ್! ವಿಶ್ರಾಂತಿ ತಗೊಳ್ತಾ ಇದ್ದೀರಾ ಅಂತ ಕೇಳುತ್ತಿದ್ದಾಳೆ, ಪಾಪ. “ವೀ, ವೀ!” ಎಂದೆ. ಹೌದು, ಹೌದು!

“ಕಾತ್ರ್?”

ಕಾತ್ರ್! ನಾಲ್ಕು! ನಾಲ್ವರೂ ಕೂತಿದ್ದೀರಾ ಅಂತ! “ವೀ! ಕಾತ್ರ್!”

ಅವಳು ಇನ್ನೂ ಏನೋ ಕೇಳಿದಳು. ಧ್ವನಿ ಸ್ವಲ್ಪ ಆಶ್ಚರ್ಯದಲ್ಲಿತ್ತು. “ವೀ! ತ್ರೆ ಬಿಯಾಂ! ಮೆರ್ಸಿ! ಬೋನ್ ಝೂರ್ನೆ!” ತುಂಬ ಚೆನ್ನಾಗಿದೆ, ಧನ್ಯವಾದ, ಶುಭದಿನ. ಅವಳೂ ಶುಭದಿನ ಹೇಳಿದಳು. ಫೋನ್ ಅಲ್ಲಿಗೇ ಸತ್ತಿತು.

ಲಿಲ್ಲಿಬಾಯಿ ಚಪ್ಪಾಳೆ ತಟ್ಟಿದರು. “ನಮ್ಮ ಯೋಗಕ್ಷೇಮ ವಿಚಾರಿಸಿದಳು,” ಎಂದು ನಾನು ಕಾಲರು ಸರಿಮಾಡಿಕೊಂಡೆ.

ಮೂರೂಮುಕ್ಕಾಲಕ್ಕೆ ಉಮಾವತಿ ಎದ್ದಳು. “ಬಸ್ಸಿನ ಹತ್ತಿರ ಹೋಗಿ ಕೂರುವ. ಬ್ಯಾಗ್ ಅಲ್ಲಿದೆ, ನಂಗೆ ಸಮಾಧಾನ ಇಲ್ಲ.”

“ಇನ್ನೂ ಒಂದು ತಾಸು ಉಂಟು!”

“ನೀವು ಕೂರಿ. ನಾನು ಹೋಗ್ತೇನೆ.”

ಹೋದೆವು. ಬಸ್ಸಿರಲಿಲ್ಲ! ಬಸ್ಸಿದ್ದ ಜಾಗದಲ್ಲಿ ಎರಡು ಪಾರಿವಾಳ ನಡೆದಾಡುತ್ತಿದ್ದವು.

ಪಾಸ್‌ಪೋರ್ಟ್ ಹೋಯಿತು. ಮಾಂಟ್ರಿಯಲ್ಲಿಗೆ ಮೂರು ತಾಸಿನ ದಾರಿ. ಬೆಳಿಗ್ಗೆ ಹತ್ತಕ್ಕೆ ಮಗಳ ಹೆಸರು ಕರೆಯುವಾಗ ನಾವೆಲ್ಲಿರುತ್ತೇವೆ? ಲಿಲ್ಲಿಬಾಯಿ ಜಪಮಾಲೆ ತೆಗೆದರು. ಸಿಲ್ವೆಸ್ಟರರ ಫೋನಿಗೆ ಕೆನಡಾದ ಸಿಮ್ಮೇ ಇರಲಿಲ್ಲ.

ಹಾಗೆಂದು ಸೋಲುವುದುಂಟೇ? ಪಕ್ಕದ ಬಸ್ಸಿನ ಡ್ರೈವರನನ್ನು ಫ್ರೆಂಚಿನಲ್ಲೇ ವಿಚಾರಿಸಿದೆ. ಅವನು ಒಂದು ದಿಕ್ಕಿಗೆ ಕೈ ಚಾಚಿ ಬಡಬಡಿಸಿದ. “ಶೂತ್! ಶೂತ್!” ಎಂದು ಒತ್ತಿ ಹೇಳಿದ.

“ಶೂಟಾ?” ಸಿಲ್ವೆಸ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. “ಯಾರನ್ನು?”

“ಕೇಳುವ ನೋಡಿ…” ಎಂದು ನಾನು ಮುಂದಿನ ವಾಕ್ಯ ಜೋಡಿಸುತ್ತಿರುವಾಗ ಉಮಾವತಿ ಪಕ್ಕದಲ್ಲಿರಲಿಲ್ಲ. ರಸ್ತೆಯಾಚೆ ಒಬ್ಬ ಟ್ಯಾಕ್ಸಿಯವನು ಕಾರಿಗೆ ಒರಗಿ ಫೋನಿನಲ್ಲಿ ಅರಬಿಯಲ್ಲಿ ಮಾತಾಡುತ್ತಿದ್ದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅವನೆದುರು ನಿಂತಿದ್ದಳು.

“ಅಖೂಯ್, ಲೌ ಸಮಹ್ತ್! ಬಾಸ್ ರಾಹ್! ಜವಾಜ್ ದಾಖಿಲ್ ಬಾಸ್!” ಅಣ್ಣಾ, ದಯವಿಟ್ಟು! ಬಸ್ಸು ಹೋಯಿತು! ಪಾಸ್‌ಪೋರ್ಟು ಬಸ್ಸೊಳಗಿದೆ!

ಸೀರೆಯುಟ್ಟ ಹೆಂಗಸು ಬಹರೈನಿನ ಅರಬಿ ಮಾತಾಡುವುದನ್ನು ಕೇಳಿ ಆತ ಫೋನನ್ನೇ ಕಿಸೆಗೆ ಹಾಕಿದ. ಅಲ್ಜೀರಿಯಾದವನಂತೆ. ಹಲ್ಲುನೋವಿನವರನ್ನು ಸಂಭಾಳಿಸಿದ ಅನುಭವದಲ್ಲಿ ಅವಳು ಒಂದೇ ನಿಮಿಷದಲ್ಲಿ ಅವನಿಗೆ ಎಲ್ಲ ತಿಳಿಸಿದಳು. ಅವನು ರಸ್ತೆ ದಾಟಿ ಬಸ್ ಡ್ರೈವರನನ್ನು ಕೇಳಿದ, ಬಂದು ಅವಳಿಗೆ ಹೇಳಿದ. ಅವಳು ನಮಗೆ ಹೇಳಿದಳು. “ಶೂತ್ ಅಂದ್ರೆ ಜಲಪಾತ ಅಂತೆ. ನಮ್ಮ ಬಸ್ಸು ಜಲಪಾತ ನೋಡ್ಲಿಕ್ಕೆ ಹೋಗಿದೆ. ನಾಲ್ಕೂವರೆ ತನಕ ಅಲ್ಲಿ ನಿಲ್ತದೆ. ಹತ್ತಿ ಬೇಗ!”

“ಉಮಾ, ನಾನು ಅವನಿಗೆ ಫ್ರೆಂಚಿನಲ್ಲಿ ಒಮ್ಮೆ…”

“ನೀವು ಬಾಯಿ ಮುಚ್ಚಿ ಬೆಲ್ಟ್ ಹಾಕಿ!”

“ಯಲ್ಲಾ!” ಎಂದ ಟ್ಯಾಕ್ಸಿಯವನು. ಹೊರಡುವ ಎಂಬ ಆ ಅರಬಿ ಶಬ್ದ ನನಗೂ ಅರ್ಥವಾಯಿತು.

ನಾವು ಮುಟ್ಟುವಾಗ ನಾಲ್ಕು ಇಪ್ಪತ್ತೇಳು. ಹಿಂದೆ ಜಲಪಾತ ಭೋರ್ಗರೆಯುತ್ತಿತ್ತು. ಒಬ್ಬರೂ ಅದನ್ನು ನೋಡಲಿಲ್ಲ. ಬಸ್ಸಿನ ಎಂಜಿನ್ ಶುರುವಾಗಿತ್ತು. ನಾಲ್ವರು ಕೈ ಬೀಸುತ್ತ ಓಡಿದೆವು. ಲಿಲ್ಲಿಬಾಯಿ ನನಗಿಂತ ಮುಂದಿದ್ದರು.

ಬಾಗಿಲು ತೆರೆಯಿತು. ಜೋಸಿಯಾನ್ ಬಾಯಿ ಬಿಟ್ಟು ನೋಡಿ, ಅಚ್ಚ ಇಂಗ್ಲಿಷಿನಲ್ಲಿ ಕೇಳಿದಳು, “ನೀವು ಬರುವುದಿಲ್ಲ ಅಂದಿರಲ್ಲ, ಸರ್?”

“ನಾನಾ?”

“ಕ್ಯಾಂಝರ್, ಹದಿನೈದು ಗಂಟೆಗೆ, ಅಂದರೆ ಮಧ್ಯಾಹ್ನ ಮೂರಕ್ಕೆ ಬನ್ನಿ ಅಂದಿದ್ದೆ. ಕಾದು ಫೋನ್ ಮಾಡಿದೆ. ರೆಸ್ತೆ, ಇಲ್ಲೇ ಕೆಬೆಕ್ಕಿನಲ್ಲೇ ಉಳಿಯುತ್ತೀರಾ ಅಂತ ಕೇಳಿದೆ. ಹೌದು ಹೌದು ಅಂದಿರಿ. ನಾಲ್ವರೂ? ಹೌದು ಅಂದಿರಿ. ಮಾಂಟ್ರಿಯಲ್ಲಿಗೆ ಬರುವುದೇ ಇಲ್ಲವಾ? ಹೌದು, ತುಂಬ ಚೆನ್ನಾಗಿದೆ, ಧನ್ಯವಾದ, ಶುಭದಿನ ಅಂದಿರಿ!”

ಸಿಲ್ವೆಸ್ಟರ್ ನನ್ನನ್ನು ನೋಡಿದರು. ಲಿಲ್ಲಿಬಾಯಿ ನೋಡಿದರು. ಬಸ್ಸಿಗೆ ಬಸ್ಸೇ ನೋಡಿತು.

“ನಿಮಗೆ ಇಂಗ್ಲಿಷ್ ಬರುತ್ತದಾ?” ಎಂದೆ.

“ನನಗೆ ಬರುತ್ತದೆ. ನಿಮಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ!”

ಸೀಟಿಗೆ ಹೋದೆವು. ಬ್ಯಾಗು ಇಟ್ಟಲ್ಲೇ ಇತ್ತು. ಉಮಾವತಿ ಪಾಸ್‌ಪೋರ್ಟ್‌ಗಳನ್ನು ತೆಗೆದು, ಘಟಿಕೋತ್ಸವದ ಪಾಸುಗಳನ್ನು ಎರಡೆರಡು ಸಲ ನೋಡಿ, ಬ್ಯಾಗನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಳು. ಅದನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ಸಾರಿ ಅಂತ ಹೇಳಿದೆ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ತುಳುವಿನಲ್ಲಿ. ಫ್ರೆಂಚಿನಲ್ಲಿ ಹೇಳುವ ಧೈರ್ಯ ಬರಲಿಲ್ಲ.

ಬಸ್ಸು ಹೆದ್ದಾರಿ ಸೇರಿತು. ಮುಂದಿನ ಸೀಟಿನ ಅಜ್ಜಿಯೊಬ್ಬಳು ಹಿಂದೆ ತಿರುಗಿ, ಉಮಾವತಿಯ ಕೈ ಹಿಡಿದು, ಫ್ರೆಂಚಿನಲ್ಲಿ ಬಹಳ ಹೊತ್ತು ಏನೇನೋ ಹೇಳಿದಳು. ಉಮಾವತಿ ಅವಳನ್ನೇ ನೋಡುತ್ತ ಹಿತವಾಗಿ ನಕ್ಕಳು. ಅಜ್ಜಿಗೆ ಸಂತೋಷವೋ ಸಂತೋಷ. ಉಮಾವತಿಯ ಕೆನ್ನೆ ತಟ್ಟಿ, ಎರಡು ಚಾಕೊಲೇಟು ಕೊಟ್ಟು ಮುಂದೆ ತಿರುಗಿದಳು.

ನಾನು ದಂಗಾದೆ. “ಉಮಾ, ನಿಂಗೆ ಅರ್ಥ ಆಯ್ತಾ? ಎಂತ ಹೇಳಿದ್ದು ಅವಳು?”

“ನಂಗೆಂತ ಗೊತ್ತು?” ಎಂದಳು ಅವಳು, ಚಾಕೊಲೇಟಿನ ಕಾಗದ ಬಿಡಿಸುತ್ತ. “ಅರ್ಥ ಆಗದಿದ್ರೆ ನಾನು ಸುಮ್ಮನೆ ನಗ್ತೇನೆ ಮಾರಾಯ್ರೆ. ನಿಮ್ಮ ಹಾಗೆ ಉತ್ತರ ಕೊಡುದಿಲ್ಲ.”